ಚಿತ್ರ ಬಿಡಿಸುವ ಮಗು ಎಲ್ಲಿ ಓದಬೇಕು? ಸೀಟು ಕಟ್ಟುವ ಮೊದಲು ಹಾಕಬೇಕಾದ ಮೂರು ಲೆಕ್ಕ

ಪಿಯುಸಿ ಫಲಿತಾಂಶ ಬಂತೆಂದರೆ ನಮ್ಮ ಶಿವಬಸವ ನಗರದಲ್ಲಿ ಸಿಇಟಿ ರ‍್ಯಾಂಕು, ಮ್ಯಾನೇಜ್‌ಮೆಂಟ್ ಸೀಟು ಬಿಟ್ಟು ಬೇರೆ ಮಾತಿರೋದಿಲ್ಲ. ಬಡಾವಣೆಯೊಳಗೇ ಇಂಜಿನಿಯರಿಂಗ್ ಕಾಲೇಜಿದೆ, ಆ ಕಡೆ ಮಚ್ಛೆಯಲ್ಲಿ ವಿಟಿಯು ಇದೆ. ನಾಗನೂರು ರುದ್ರಾಕ್ಷಿಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿ ನೌಕರಿ ಹಿಡಿದವರ ಕಥೆಗಳು ಪ್ರತಿ ಮನೆಯಲ್ಲೂ ಇವೆ. ಇಂಥ ಊರಲ್ಲಿ "ನಮ್ಮ ಹುಡುಗಿ ಚಿತ್ರ ಚಲೋ ತಗೀತಾಳ, ಅದನ್ನ ಓದ್ತೀನಂತಾಳ" ಅನ್ನೋ ಮಾತನ್ನು ಅಪ್ಪ-ಅವ್ವ ಇನ್ನೂ ಸ್ವಲ್ಪ ದನಿ ತಗ್ಗಿಸಿಯೇ ಹೇಳುತ್ತಾರೆ.

ಈಚೆಗೆ ಆ ಮಾತಿನ ಜೊತೆ ಎರಡು ಬ್ರೋಷರ್‌ಗಳೂ ಬರುತ್ತಿವೆ. ಒಂದು, ಬೆಂಗಳೂರಿನದೋ ಪುಣೆಯದೋ ಖಾಸಗಿ ಲಿಬರಲ್ ಆರ್ಟ್ಸ್ ವಿಶ್ವವಿದ್ಯಾಲಯದ್ದು: ಇತಿಹಾಸ, ಮನಃಶಾಸ್ತ್ರ, ಅರ್ಥಶಾಸ್ತ್ರ, ಜೊತೆಗೆ ಚಿತ್ರಕಲೆ, ಯಾವುದು ಬೇಕೋ ಆರಿಸಿಕೊಳ್ಳಿ ಅನ್ನುತ್ತದೆ. ಇನ್ನೊಂದು, ಕಲೆ ಮತ್ತು ವಿನ್ಯಾಸದ ಶಾಲೆಯದ್ದು: ಅನಿಮೇಷನ್, ಗ್ರಾಫಿಕ್ ಡಿಸೈನ್, ಒಳಾಂಗಣ ವಿನ್ಯಾಸ, ಕೊನೆಗೆ ನೌಕರಿ ಅನ್ನುತ್ತದೆ. "ಅಕ್ಕಾರ, ಎರಡೂ ಕಡೆ ಆರ್ಟ್ಸ್ ಅಂತನ ಬರದಾರ. ಫರಕ್ ಏನೈತ್ರಿ? ಯಾವುದಕ್ಕ ಹಾಕೂಣು?" ಎಂದು ಕೇಳುವವರಿಗೆ ನಾನು ಹೇಳುತ್ತ ಬಂದದ್ದನ್ನು ಇಲ್ಲಿ ಒಂದೇ ಕಡೆ ಬರೆದಿಟ್ಟಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಲಿಬರಲ್ ಆರ್ಟ್ಸ್ ದೊಡ್ಡದೋ ಕಲಾಶಾಲೆ ದೊಡ್ಡದೋ ಅನ್ನುವ ಜಗಳದಿಂದ ನಮ್ಮ ಮಕ್ಕಳಿಗೆ ಉಪಯೋಗವಿಲ್ಲ. ಹೆಸರು ಬದಿಗಿಟ್ಟು ಮೂರು ಲೆಕ್ಕ ಹಾಕಬೇಕು. ಮಗುವಿನ ಕೈಗೆ ಎಷ್ಟು ಗಂಟೆ ಕೆಲಸ ಸಿಗುತ್ತದೆ? ಮನೆಯ ಮೇಲೆ ಎಷ್ಟು ಸಾಲ ಬೀಳುತ್ತದೆ? ಮುಂದೆ ಯಾವ ಬಾಗಿಲು ತೆರೆದಿರುತ್ತದೆ, ಯಾವುದು ಮುಚ್ಚುತ್ತದೆ?

ಎರಡೂ 'ಕಲೆ'ಯೇ, ಆದರೆ ಒಂದೇ ಅಲ್ಲ

ಗೊಂದಲಕ್ಕೆ ಭಾಷೆಯೂ ಕಾರಣ. ಕನ್ನಡದಲ್ಲಿ ಬಿಎ ಓದುವುದೂ 'ಕಲಾ ವಿಭಾಗ', ಕುಂಚ ಹಿಡಿಯುವುದೂ 'ಕಲೆ'. ಆದರೆ ಲಿಬರಲ್ ಆರ್ಟ್ಸ್ ಅನ್ನುವ ಹಳೆಯ ಯುರೋಪಿನ ಕಲ್ಪನೆಯಲ್ಲಿ ಚಿತ್ರಕಲೆಗೆ ಜಾಗವೇ ಇರಲಿಲ್ಲ. ವ್ಯಾಕರಣ, ತರ್ಕ, ಭಾಷಣಕಲೆ, ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳ ಎಂಬ ಏಳು ವಿದ್ಯೆಗಳು, ಅಷ್ಟೇ. ಸ್ವತಂತ್ರ ಮನುಷ್ಯನಿಗೆ ತಕ್ಕ ವಿದ್ಯೆ ಎಂಬ ಅರ್ಥದಲ್ಲಿ 'ಲಿಬರಲ್' ಎಂಬ ಪದ ಬಂತು. ಚಿತ್ರ, ಶಿಲ್ಪಗಳನ್ನು ಕೈಕಸುಬಿನ ಸಾಲಿಗೆ ಹಾಕಿದ್ದರು. ತಲೆಯ ಕೆಲಸ ಮೇಲು, ಕೈ ಕೆಲಸ ಕೀಳು ಎನ್ನುವ ಈ ವಿಂಗಡಣೆ ನಮಗೂ ಹೊಸದಲ್ಲ. ಇಲ್ಲಿ ಅದಕ್ಕೆ ಜಾತಿಯ ಹೆಸರೂ ಇದೆ.

ಇವತ್ತಿನ ಅರ್ಥದಲ್ಲಿ ಲಿಬರಲ್ ಆರ್ಟ್ಸ್ ಅಂದರೆ ಮೊದಲ ವರ್ಷವೇ ಒಂದು ವೃತ್ತಿಗೆ ಕಟ್ಟಿಹಾಕದೆ ಹಲವು ವಿಷಯ ಓದಿಸಿ, ಬರೆಸಿ, ವಾದ ಮಾಡಿಸಿ, ಆಮೇಲೆ ಒಂದರಲ್ಲಿ ಆಳಕ್ಕೆ ಇಳಿಸುವ ಪದವಿ. ಭಾರತದಲ್ಲಿ ಇದರ ಖಾಸಗಿ ರೂಪ ಹೊಸದು. ಹರಿಯಾಣದ ಸೋನಿಪತ್‌ನಲ್ಲಿ ಅಶೋಕ ವಿಶ್ವವಿದ್ಯಾಲಯ 2014ರಲ್ಲಿ ತರಗತಿ ಶುರು ಮಾಡಿತು. ಪುಣೆಯ ಫ್ಲೇಮ್ 2015ರಲ್ಲಿ ವಿಶ್ವವಿದ್ಯಾಲಯವಾಯಿತು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2015ರಲ್ಲಿ ಪದವಿ ತರಗತಿ ತೆರೆಯಿತು.

ಕಲಾಶಾಲೆಯದು ಬೇರೆ ಹಾದಿ. ಸಾಮಾನ್ಯವಾಗಿ ನಾಲ್ಕು ವರ್ಷದ ಬಿವಿಎ, ಅಂದರೆ ದೃಶ್ಯಕಲಾ ಪದವಿ. ಮೊದಲು ರೇಖೆ, ಬಣ್ಣ, ಮಣ್ಣು, ಮುದ್ರಣ ಎಲ್ಲ ಮುಟ್ಟಿಸುವ ಅಡಿಪಾಯದ ಘಟ್ಟ. ಆಮೇಲೆ ಚಿತ್ರ, ಶಿಲ್ಪ, ಗ್ರಾಫಿಕ್ಸ್, ಅನ್ವಯಿಕ ಕಲೆ ಅಂತ ಕವಲು. ಇದರ ಇನ್ನೊಂದು ಕೊಂಬೆ ಬಿ.ಡಿಸೈನ್, ಅಂದರೆ ವಿನ್ಯಾಸ ಪದವಿ. ಮಾರುಕಟ್ಟೆಗೆ ಹೆಚ್ಚು ಹತ್ತಿರದ್ದು ಇದು.

ಬೆಳಗಾವಿಯಿಂದ ಕಾಣುವ ದಾರಿಗಳು

ಬ್ರೋಷರ್‌ನಲ್ಲಿ ಎರಡೇ ದಾರಿ ಇರಬಹುದು. ನಮ್ಮೂರಿಂದ ನೋಡಿದರೆ ಕನಿಷ್ಠ ಐದು ಕಾಣುತ್ತವೆ.

ಮೊದಲನೆಯದು ಊರಲ್ಲೇ ಇದ್ದು ಬಿಎ ಮಾಡುವುದು. ಕೆಎಲ್‌ಇ ಸಂಸ್ಥೆಯ ಲಿಂಗರಾಜ ಕಾಲೇಜು 1933ರದ್ದು. 2010ರಿಂದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವೂ ಇದೆ. ಧಾರವಾಡದ ಕರ್ನಾಟಕ ಕಾಲೇಜು ಸುಮಾರು 75 ಕಿಲೋಮೀಟರ್ ದೂರ. ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ ದುಡ್ಡಿಲ್ಲ ಅನ್ನೋದೂ ಲೆಕ್ಕಕ್ಕೆ ಬರುವ ಸಂಗತಿ. ಇತಿಹಾಸ, ಕನ್ನಡ, ಸಮಾಜಶಾಸ್ತ್ರ ಎಂದು ಮೂರು ವಿಷಯ ಹಿಡಿದು ಓದುವ ನಮ್ಮ ಹಳೆಯ ಬಿಎ ಕೂಡ ಒಂದು ಬಗೆಯ ಲಿಬರಲ್ ಆರ್ಟ್ಸೇ. ಹೆಸರಿಗೆ ಮಾತ್ರ ಆ ಹೊಳಪಿಲ್ಲ. ಕರ್ನಾಟಕ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ತಂದು, 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿದೆ.

ಎರಡನೆಯದು ರಾಜ್ಯದ ಕಲಾ ಮಹಾವಿದ್ಯಾಲಯಗಳು. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಅಂದರೆ ಕಾವಾ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯದ್ದು. ಬೆಂಗಳೂರಿನ ಚಿತ್ರಕಲಾ ಪರಿಷತ್ತು 1960ರಲ್ಲಿ ಹುಟ್ಟಿತು, ಅದಕ್ಕೆ ತನ್ನದೇ ಕಾಲೇಜಿದೆ. ದಾವಣಗೆರೆಯಲ್ಲಿ ವಿಶ್ವವಿದ್ಯಾಲಯದ್ದೇ ದೃಶ್ಯಕಲಾ ಮಹಾವಿದ್ಯಾಲಯವಿದೆ. ಉತ್ತರ ಕರ್ನಾಟಕದಲ್ಲಿ ಈ ಪರಂಪರೆ ಒಬ್ಬೊಬ್ಬ ಗುರುವಿನ ಹಟದಿಂದ ಬೆಳೆದದ್ದು. ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಬಂದ ಡಿ.ವಿ. ಹಾಲಭಾವಿ ಧಾರವಾಡದಲ್ಲಿ, ಟಿ.ಪಿ. ಅಕ್ಕಿ ಗದಗಿನಲ್ಲಿ, ವಿ.ಜಿ. ಅಂದಾನಿ ಮತ್ತು ಜೆ.ಎಸ್. ಖಂಡೇರಾವ್ ಕಲಬುರಗಿಯಲ್ಲಿ ಶಾಲೆ ಕಟ್ಟಿದರು.

ಮೂರನೆಯದು ಗಡಿಯಾಚೆಯದು. 1956ರವರೆಗೆ ನಾವು ಮುಂಬೈ ಪ್ರಾಂತ್ಯದಲ್ಲೇ ಇದ್ದವರು. ಹಾಗಾಗಿ ಈ ಭಾಗದವರಿಗೆ ಮುಂಬೈ, ಕೊಲ್ಹಾಪುರ ಪರಕೀಯ ಅನ್ನಿಸುವುದಿಲ್ಲ. ಮರಾಠಿ ಮಾಧ್ಯಮದಲ್ಲಿ ಓದಿದ ಖಾನಾಪುರದ ಮಗುವಿಗೆ ಬೆಂಗಳೂರಿಗಿಂತ ಅಲ್ಲಿನ ತರಗತಿಯೇ ಸುಲಭ ಆಗಬಹುದು. 1857ರಲ್ಲಿ ಶುರುವಾದ ಜೆ.ಜೆ. 2023ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ ಮಾನ್ಯತೆ ಪಡೆದಿದೆ. ಆದರೆ ಹೊರ ರಾಜ್ಯದವರಿಗೆ ಸೀಟು ಎಷ್ಟು, ಕರ್ನಾಟಕದ ವಿದ್ಯಾರ್ಥಿವೇತನ ಅಲ್ಲಿ ಓದಿದರೂ ಸಿಗುತ್ತದೆಯೋ ಇಲ್ಲವೋ ಎಂದು ಮೊದಲೇ ಕೇಳಿಕೊಳ್ಳಬೇಕು.

ನಾಲ್ಕನೆಯದು ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆದು ಹೋಗುವುದು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅಂದರೆ ಎನ್‌ಐಡಿಗೆ ಡ್ಯಾಟ್ ಪರೀಕ್ಷೆ. ಐಐಟಿಗಳ ವಿನ್ಯಾಸ ಪದವಿಗೆ ಐಐಟಿ ಬಾಂಬೆ ನಡೆಸುವ ಯುಸೀಡ್. ನಿಫ್ಟ್‌ಗೆ ಅದರದೇ ಪರೀಕ್ಷೆ. ಎನ್‌ಐಡಿಗೂ ನಿಫ್ಟ್‌ನ ವಿನ್ಯಾಸ ಕೋರ್ಸ್‌ಗಳಿಗೂ ಪಿಯುಸಿಯಲ್ಲಿ ವಿಜ್ಞಾನವೇ ಆಗಬೇಕೆಂದಿಲ್ಲ, ಕಲಾ, ವಾಣಿಜ್ಯದವರೂ ಬರೆಯಬಹುದು. ಇದು ನಮ್ಮ ಕಡೆ ಬಹಳ ಜನಕ್ಕೆ ತಿಳಿದೇ ಇಲ್ಲ. ಒಂದು ಎಚ್ಚರ: ಎನ್‌ಐಡಿಯ ಬೆಂಗಳೂರು ಕ್ಯಾಂಪಸ್‌ನಲ್ಲಿ ಇರುವುದು ಸ್ನಾತಕೋತ್ತರ ಕೋರ್ಸ್ ಮಾತ್ರ. ಪಿಯುಸಿ ಮುಗಿಸಿ ಅಲ್ಲಿಗೆ ಸೇರಲಾಗದು.

ಐದನೆಯದನ್ನು ಯಾರೂ ಕೇಳುವುದೇ ಇಲ್ಲ. ಬೆಳಗಾವಿಯಿಂದ ಸುಮಾರು 25 ಕಿಲೋಮೀಟರ್ ದೂರದ ಖಾನಾಪುರದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಇದೆ. ಖಾನಾಪುರದ ಮಣ್ಣು, ಅಲ್ಲಿನ ಹೆಂಚು, ಮಡಿಕೆ ಹಳೆಯ ಕಾಲದಿಂದ ಹೆಸರಾದದ್ದು. ಗೋಕಾಕದಲ್ಲಿ ಮರದ ಬಣ್ಣದ ಬೊಂಬೆ, ಹಣ್ಣುಗಳ ಕಸುಬು ಇನ್ನೂ ಉಳಿದಿದೆ. ಇವು ಪದವಿಯ ಬದಲಿಗೆ ಅಲ್ಲ, ಪದವಿಯ ಜೊತೆಗೆ. ಪಿಂಗಾಣಿ ವಿನ್ಯಾಸ ಕಲಿಯಲು ಲಕ್ಷಗಟ್ಟಲೆ ಕಟ್ಟುವ ಮೊದಲು ಒಂದು ಬೇಸಿಗೆಯಾದರೂ ಮಗು ಇಲ್ಲೇ ಮಣ್ಣು ಮುಟ್ಟಿ ನೋಡಲಿ, ಅನ್ನೋದು ನನ್ನ ವಾದ.

ಮೊದಲ ಲೆಕ್ಕ: ಗಂಟೆ

ಚಿತ್ರಗಾರನ ಕೈ ಕಟ್ಟುವುದು ಗಂಟೆಗಳಿಂದ. ಆದ್ದರಿಂದ ಬ್ರೋಷರ್ ಮುಚ್ಚಿಟ್ಟು ವೇಳಾಪಟ್ಟಿ ಕೇಳಿ.

ಕಲಾ ಕಾಲೇಜಿನಲ್ಲಿ ದಿನಕ್ಕೆ ಐದು ಗಂಟೆ ಸ್ಟುಡಿಯೋ ಕೆಲಸ, ವರ್ಷಕ್ಕೆ 200 ದಿನ ಅಂತ ಹಿಡಿಯೋಣ. ನಾಲ್ಕು ವರ್ಷಕ್ಕೆ 4,000 ಗಂಟೆ ಆಯಿತು. ಲಿಬರಲ್ ಆರ್ಟ್ಸ್ ಕಡೆ ಚಿತ್ರಕಲೆಯನ್ನು ಉಪ ವಿಷಯವಾಗಿ ತೆಗೆದುಕೊಂಡರೆ? ವಾರಕ್ಕೆ ನಾಲ್ಕು ಗಂಟೆ, ವರ್ಷಕ್ಕೆ 30 ವಾರ, ಮೂರು ವರ್ಷ: 360 ಗಂಟೆ. ಹತ್ತು ಪಾಲಿಗಿಂತ ಹೆಚ್ಚು ವ್ಯತ್ಯಾಸ. ನಿಮ್ಮ ಮಗು ಮುಂದೆ ಕುಂಚದಿಂದಲೇ ಉಣ್ಣಬೇಕು ಅಂತಿದ್ದರೆ ಈ ಒಂದು ಸಂಖ್ಯೆಯೇ ಅರ್ಧ ಉತ್ತರ.

ಇನ್ನರ್ಧ ಇಲ್ಲಿದೆ. ಊರಲ್ಲೇ ಬಿಎ ಮಾಡುತ್ತ, ದಿನಾ ಎರಡು ಗಂಟೆ ತಾನಾಗಿ ಚಿತ್ರ ಬಿಡಿಸುವ ಹುಡುಗಿಗೆ ವರ್ಷಕ್ಕೆ 300 ದಿನದಂತೆ ಮೂರು ವರ್ಷಕ್ಕೆ 1,800 ಗಂಟೆ ಸಿಗುತ್ತದೆ. ಉಪ ವಿಷಯ ಓದಿದವಳಿಗಿಂತ ಐದು ಪಟ್ಟು. ಅಂದರೆ ಲಕ್ಷಗಟ್ಟಲೆ ಕೊಟ್ಟು ಕೊಂಡ ತರಗತಿಗಿಂತ ದಿನದ ಅಭ್ಯಾಸ ದೊಡ್ಡದು. ಆದರೆ ತಪ್ಪು ತೋರಿಸುವವರು ಇರಬೇಕು. ಒಬ್ಬರೇ ಕೂತು ಬಿಡಿಸಿದರೆ ತಪ್ಪೂ ರೂಢಿಯಾಗಿಬಿಡುತ್ತದೆ.

ಹಾಗಾಗಿ ಗಂಟೆಯ ಜೊತೆ ಇನ್ನೊಂದು ಪ್ರಶ್ನೆ: ಕಲಿಸುವವರು ಯಾರು? ಅವರು ಈಗಲೂ ಕೆಲಸ ಮಾಡುವ ಕಲಾವಿದರೋ, ಸೆಮಿಸ್ಟರಿಗೊಮ್ಮೆ ಬಂದು ಹೋಗುವ ಅತಿಥಿಗಳೋ? ಸರ್ಕಾರಿ ಕಾಲೇಜಾದರೆ ಖಾಯಂ ಬೋಧಕರು ಎಷ್ಟು ಜನ? ಶುಲ್ಕ ಕಡಿಮೆ ಅಂತ ಸೇರಿಸಿ, ಕಲಿಸಲು ಜನವೇ ಇಲ್ಲದಿದ್ದರೆ ಆ 4,000 ಗಂಟೆ ಖಾಲಿ ಗಂಟೆಗಳಾಗುತ್ತವೆ.

ಎರಡನೇ ಲೆಕ್ಕ: ಸಾಲ

ಖಾನಾಪುರ ಕಡೆಯ ಒಬ್ಬ ತಂದೆ ಕಳೆದ ಬೇಸಿಗೆಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ವರ್ಷಕ್ಕ ಮೂರು ಲಕ್ಷ ಅಂತಾರ. ಹೊಲದ ಮ್ಯಾಲೆ ಸಾಲ ತಗದ್ರ ತೀರತೈತೇನ್ರಿ?" ಆ ದಿನ ಕಾಗದದ ಮೇಲೆ ಹಾಕಿದ ಲೆಕ್ಕ ಇದು.

ವರ್ಷಕ್ಕೆ ಮೂರು ಲಕ್ಷದಂತೆ ನಾಲ್ಕು ವರ್ಷಕ್ಕೆ 12 ಲಕ್ಷ. ಬಡ್ಡಿ ನೂರಕ್ಕೆ ಹತ್ತು ಅಂತ ಇಟ್ಟುಕೊಳ್ಳಿ. ಶಿಕ್ಷಣ ಸಾಲದಲ್ಲಿ ಓದುವಾಗ ಮತ್ತು ಓದು ಮುಗಿದ ಮೇಲಿನ ಒಂದು ವರ್ಷ ಸಾಮಾನ್ಯವಾಗಿ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಓಡುತ್ತಿರುತ್ತದೆ. ಸರಳ ಬಡ್ಡಿಯಲ್ಲೇ ಅದು ಸುಮಾರು 4.2 ಲಕ್ಷ ಆಗುತ್ತದೆ. ಕಂತು ಶುರುವಾಗುವ ದಿನ ತಲೆಯ ಮೇಲೆ 16.2 ಲಕ್ಷ. ಹತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 21,400 ರೂಪಾಯಿ. ಒಟ್ಟು ಕಟ್ಟುವುದು 25 ಲಕ್ಷ ದಾಟುತ್ತದೆ. ಹಾಸ್ಟೆಲ್ಲು, ಊಟ, ಬಣ್ಣ, ಲ್ಯಾಪ್‌ಟಾಪು ಇದರಲ್ಲಿ ಸೇರಿಲ್ಲ.

ನಾನು ಇಟ್ಟುಕೊಂಡ ಅಳತೆ ಸರಳ. ಕಂತು ಮೊದಲ ಸಂಬಳದ ಮೂರನೇ ಒಂದು ಪಾಲು ಮೀರಬಾರದು. 21,400ರ ಕಂತಿಗೆ ಕೈಗೆ ಸುಮಾರು 64,000 ಸಂಬಳ ಬರಬೇಕು. ಈಗ ಆ ಶಾಲೆಯಿಂದ ಎರಡು ವರ್ಷದ ಹಿಂದೆ ಹೊರಬಿದ್ದ ಐದಾರು ಜನರನ್ನು ಹುಡುಕಿ, ತಿಂಗಳಿಗೆ ಎಷ್ಟು ಬರುತ್ತದೆ ಎಂದು ಕೇಳಿ. ಶಾಲೆಯವರು ಆರಿಸಿಕೊಟ್ಟವರನ್ನಲ್ಲ, ನೀವೇ ಹುಡುಕಿದವರನ್ನು. ಅವರ ಉತ್ತರಕ್ಕೂ ಈ ಅಂಕಿಗೂ ಹೊಂದಿಕೆಯಾದರೆ ಮುಂದುವರಿಯಿರಿ. ಇಲ್ಲವಾದರೆ ಹೊಲದ ಉತಾರ ತೆಗೆಸಬೇಡಿ.

ಈ ಅಳತೆ ಎರಡೂ ಬಗೆಯ ಸಂಸ್ಥೆಗೆ ಒಂದೇ. ದುಬಾರಿ ಲಿಬರಲ್ ಆರ್ಟ್ಸ್ ಪದವಿಗೂ ಸಾಲ ತೀರಲೇಬೇಕಲ್ಲ. ಅಲ್ಲಿ ಒಂದು ವ್ಯತ್ಯಾಸ ಏನೆಂದರೆ ಕೆಲವು ಕಡೆ ಮನೆಯ ಆದಾಯ ನೋಡಿ ಶುಲ್ಕ ಇಳಿಸುತ್ತಾರೆ. ಅಶೋಕ, ಅಜೀಂ ಪ್ರೇಮ್‌ಜಿ ಎರಡರಲ್ಲೂ ಇಂಥ ನೆರವು ಇದೆ. ಅಜೀಂ ಪ್ರೇಮ್‌ಜಿಯಲ್ಲಿ ಪೂರ್ತಿ ಶುಲ್ಕ ಮನ್ನಾ ಆಗುವುದೂ ಉಂಟು. ಹಾಗಾಗಿ ಬ್ರೋಷರ್‌ನ ಶುಲ್ಕ ನೋಡಿ ಬಡವರು ಬಾಗಿಲಲ್ಲೇ ತಿರುಗಿ ಬರಬಾರದು. ಪ್ರವೇಶ ಪರೀಕ್ಷೆ ಬರೆದು, ನೆರವಿಗೆ ಅರ್ಜಿ ಹಾಕಿ, ಪತ್ರ ಕೈಗೆ ಬಂದ ಮೇಲೆ ತೀರ್ಮಾನಿಸಿ.

ಇನ್ನು ಕೆಲವು ಆಸರೆಗಳು. ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಸ್ತಿ ಒತ್ತೆ ಇಡದೆ, ಜಾಮೀನುದಾರರಿಲ್ಲದೆ ಸಾಲ ಸಿಗುತ್ತದೆ. ವರ್ಷದ ಆದಾಯ 8 ಲಕ್ಷದೊಳಗಿನ ಮನೆಗೆ, ಬೇರೆ ಸರ್ಕಾರಿ ನೆರವು ಪಡೆಯದಿದ್ದರೆ, 10 ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ನೂರಕ್ಕೆ ಮೂರು ವಿನಾಯಿತಿಯೂ ಇದೆ. ಆದರೆ ಅದು ಆಯ್ದ ಸಂಸ್ಥೆಗಳಿಗೆ ಮಾತ್ರ. ಆರಂಭದ ಪಟ್ಟಿಯಲ್ಲಿ 860 ಇದ್ದವು. ನಿಮ್ಮ ಕಲಾ ಕಾಲೇಜು ಅದರಲ್ಲಿದೆಯೇ ನೋಡಿಕೊಳ್ಳಿ. ಸರ್ಕಾರಿ ಶಾಲೆ-ಕಾಲೇಜಲ್ಲೇ ಹತ್ತನೇ ತರಗತಿ ಮತ್ತು ಪಿಯುಸಿ ಮುಗಿಸಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ವಿದ್ಯಾರ್ಥಿವೇತನ ವರ್ಷಕ್ಕೆ 30,000 ರೂಪಾಯಿ ಇದೆ, ಅದು ಬೇರೆ ಕಾಲೇಜುಗಳಲ್ಲಿ ಓದುವವರಿಗೂ ಸಿಗುತ್ತದೆ. ಸರ್ಕಾರಿ ಕಲಾ ಕಾಲೇಜಿನ ಕಡಿಮೆ ಶುಲ್ಕಕ್ಕೆ ಈ ಮೊತ್ತ ಸಣ್ಣದೇನಲ್ಲ.

ಮೂರನೇ ಲೆಕ್ಕ: ಬಾಗಿಲು

"ಚಿತ್ರಕಲಾ ಓದಿದ್ರ ಸರ್ಕಾರಿ ನೌಕರಿ ಬಾಗಲಾ ಮುಚ್ಚಿಧಂಗ" ಅನ್ನೋದು ನಮ್ಮ ಕಡೆಯ ಗಟ್ಟಿ ನಂಬಿಕೆ. ಇದು ಅರ್ಧ ಸುಳ್ಳು. ಮಾನ್ಯತೆ ಇರುವ ವಿಶ್ವವಿದ್ಯಾಲಯದ ಬಿವಿಎ ಒಂದು ಪದವಿ. ಯಾವುದೇ ಪದವಿ ಸಾಕು ಅನ್ನುವ ಕೆಎಎಸ್, ಐಎಎಸ್, ಬ್ಯಾಂಕ್ ಪರೀಕ್ಷೆಗಳನ್ನೆಲ್ಲ ಬಿವಿಎ ಆದವರು ಬರೆಯಬಹುದು.

ಬಾಗಿಲು ಮುಚ್ಚುವುದು ಪದವಿಯಲ್ಲದ ಕಾಗದದಿಂದ. ನಗರಗಳಲ್ಲಿ ಹುಟ್ಟಿಕೊಂಡ ಎಷ್ಟೋ ಅನಿಮೇಷನ್, ಡಿಸೈನ್ ಸಂಸ್ಥೆಗಳು ಕೊಡುವುದು ತಮ್ಮದೇ ಡಿಪ್ಲೊಮಾ. ಕೆಲವು ಕಡೆ ಬೇರೆ ರಾಜ್ಯದ ಯಾವುದೋ ವಿಶ್ವವಿದ್ಯಾಲಯದ ಹೆಸರಲ್ಲಿ ದೂರಶಿಕ್ಷಣದ ಪದವಿ ಜೋಡಿಸುತ್ತಾರೆ. ಕೇಳಬೇಕಾದ ಪ್ರಶ್ನೆ ಒಂದೇ: "ಕೊನೆಗೆ ಕೊಡುವ ಪ್ರಮಾಣಪತ್ರದ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರು ಇರುತ್ತದೆ?" ಆ ಹೆಸರು ಯುಜಿಸಿ ಪಟ್ಟಿಯಲ್ಲಿದೆಯೇ ಎಂದು ಅವತ್ತೇ ಮೊಬೈಲಿನಲ್ಲಿ ನೋಡಬಹುದು. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನೂ ಯುಜಿಸಿಯೇ ಪ್ರಕಟಿಸುತ್ತದೆ.

ಇದಕ್ಕೆ ಒಂದು ಅಪವಾದ ಹೇಳದಿದ್ದರೆ ಅನ್ಯಾಯವಾದೀತು. 1961ರಲ್ಲಿ ಹುಟ್ಟಿದ ಎನ್‌ಐಡಿ 2014ರ ಕಾಯ್ದೆ ಬರುವವರೆಗೂ ಡಿಪ್ಲೊಮಾ ಕೊಡುತ್ತಿತ್ತು. ಅದಕ್ಕಾಗಿ ಅದರ ವಿದ್ಯಾರ್ಥಿಗಳನ್ನು ಯಾವ ಕಂಪನಿಯೂ ಕಡೆಗಣಿಸಲಿಲ್ಲ. ಹೆಸರು ಅಷ್ಟು ದೊಡ್ಡದಿದ್ದರೆ ಕಾಗದ ಚಿಕ್ಕದಾದರೂ ನಡೆಯುತ್ತದೆ. ನಿಮ್ಮ ಎದುರಿಗಿರುವ ಸಂಸ್ಥೆ ಎನ್‌ಐಡಿ ಹೌದೋ ಅಲ್ಲವೋ, ಅದು ನಿಮಗೇ ಗೊತ್ತು.

ಇನ್ನು ಒಂದರಿಂದ ಇನ್ನೊಂದಕ್ಕೆ ದಾಟುವ ಮಾತು. ಬಿಎ ಮುಗಿಸಿ ವಿನ್ಯಾಸಕ್ಕೆ ಹೋಗಬಹುದು: ಎನ್‌ಐಡಿಯ ಎಂ.ಡಿಸೈನ್‌ಗೂ ಐಐಟಿಗಳ ವಿನ್ಯಾಸ ಸ್ನಾತಕೋತ್ತರಕ್ಕಿರುವ ಸೀಡ್ ಪರೀಕ್ಷೆಗೂ ಮೂರು ವರ್ಷದ ಯಾವುದೇ ಪದವಿಯವರು ಕೂರಬಹುದು. ಬಿವಿಎ ಮುಗಿಸಿ ಶಿಕ್ಷಣ, ಅಭಿವೃದ್ಧಿ ಅಧ್ಯಯನದಂಥ ಎಂಎಗೆ ಹೋಗಬಹುದು. ಕಷ್ಟ ಇರುವುದು ಒಂದು ಕಡೆ: ಬಿಎ ಆದವರಿಗೆ ಚಿತ್ರಕಲೆಯ ಎಂವಿಎ ಸಿಗುವುದು ಕಠಿಣ, ಬಹುತೇಕ ಕಡೆ ಬಿವಿಎಯನ್ನೇ ಕೇಳುತ್ತಾರೆ. ಹಾಗಾಗಿ ಮಗುವಿಗೆ ವಿನ್ಯಾಸ ಬೇಕೆಂದರೆ ಮೊದಲು ಬಿಎ ಮಾಡುವುದರಿಂದ ನಷ್ಟವಿಲ್ಲ. ಚಿತ್ರ, ಶಿಲ್ಪವೇ ಬೇಕೆಂದರೆ ನೇರ ಬಿವಿಎಗೆ ಹೋಗುವುದೇ ಸರಿ. ಚಿತ್ರಕಲಾ ಶಿಕ್ಷಕರಾಗುವ ಆಸೆ ಇದ್ದರೆ ಹಿಂದಿನ ನೇಮಕಾತಿ ಅಧಿಸೂಚನೆ ತೆಗೆದು ಯಾವ ಅರ್ಹತೆ ಕೇಳಿದ್ದಾರೆ ಎಂದು ಓದಿ, ಆಮೇಲೆ ಕೋರ್ಸು ಆರಿಸಿ.

'ನೂರಕ್ಕೆ ನೂರು ಪ್ಲೇಸ್‌ಮೆಂಟ್' ಅಂದರೆ

ವೃತ್ತಿಯನ್ನೇ ಗುರಿಯಾಗಿಟ್ಟ ಶಾಲೆಗಳ ದೊಡ್ಡ ಬಲ ನೌಕರಿಯ ಭರವಸೆ. ಅದನ್ನು ನಾನು ಹಗುರಾಗಿ ಕಾಣುವುದಿಲ್ಲ. ಮನೆ ನಡೆಯಬೇಕಲ್ಲ. ಆದರೆ ಯಾವ ಕೆಲಸ ಕಲಿಸುತ್ತಾರೆ ಅನ್ನುವುದಕ್ಕಿಂತ ಎಷ್ಟು ಆಳಕ್ಕೆ ಕಲಿಸುತ್ತಾರೆ ಅನ್ನುವುದನ್ನು ನೋಡಬೇಕು.

ನಮ್ಮ ಪೇಟೆಯ ಬೋರ್ಡ್ ಪೇಂಟರ್‌ಗಳನ್ನು ನೆನಪಿಸಿಕೊಳ್ಳಿ. ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಲಿಪಿಯನ್ನು ಕೈಯಲ್ಲೇ ಅಳತೆ ತಪ್ಪದೆ ಬರೆಯುತ್ತಿದ್ದವರು. ಫ್ಲೆಕ್ಸ್ ಮುದ್ರಣ ಬಂದು ಕೆಲವೇ ವರ್ಷಗಳಲ್ಲಿ ಅವರ ಕೆಲಸ ಕಡಿಮೆಯಾಯಿತು. ಕುಂಚ ಓಡಿಸುವುದಷ್ಟೇ ಗೊತ್ತಿದ್ದವರು ಬೇರೆ ಕೆಲಸಕ್ಕೆ ಹೋಗಬೇಕಾಯಿತು. ಅಕ್ಷರದ ರೂಪ, ಬಣ್ಣದ ಹೊಂದಿಕೆ ಒಳಗಿಂದ ಬಲ್ಲವರು ಕಂಪ್ಯೂಟರಿನ ಮುಂದೆ ಕೂತು ಅದೇ ಫ್ಲೆಕ್ಸ್‌ಗೆ ವಿನ್ಯಾಸ ಮಾಡಬಲ್ಲವರಾದರು. 2022ರಿಂದ ಈಚೆಗೆ ಮಿಡ್‌ಜರ್ನಿಯಂಥ ಕೃತಕ ಬುದ್ಧಿಮತ್ತೆಯ ಸಾಧನಗಳು ಅದೇ ಪ್ರಶ್ನೆಯನ್ನು ಮತ್ತೆ ತಂದಿಟ್ಟಿವೆ. ನಾಲ್ಕು ವಾಕ್ಯ ಟೈಪ್ ಮಾಡಿದರೆ ಪೋಸ್ಟರ್ ಬರುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲು ಕೊಡುತ್ತಿದ್ದದ್ದು ಇಂಥದೇ ಸಣ್ಣ ಕೆಲಸ.

ಆದ್ದರಿಂದ ನಾಲ್ಕು ಸಾಫ್ಟ್‌ವೇರ್ ಕಲಿಸಿ ಕಳಿಸುವ ಶಾಲೆಯನ್ನು ಕಂಡರೆ ನನಗೆ ಭಯ. ನೋಡಿ ಬಿಡಿಸುವುದು, ದೇಹದ ರಚನೆ, ಅಕ್ಷರ ವಿನ್ಯಾಸ, ಕಲೆಯ ಇತಿಹಾಸ ಇವೆಲ್ಲ ಪಠ್ಯಕ್ರಮದಲ್ಲಿ ಇವೆಯೇ ನೋಡಿ. ಇದ್ದರೆ ಸಾಧನ ಬದಲಾದರೂ ಮಗು ಉಳಿಯುತ್ತದೆ.

ಹಾಗಾದರೆ ಓದು ಬೇಡವೇ?

ಬೇಕು. ಎರಡನ್ನೂ ಕೂಡಿಸಿಕೊಂಡವರೇ ನಮ್ಮಲ್ಲಿ ದೂರ ಹೋದದ್ದು. ಕೆ.ಜಿ. ಸುಬ್ರಮಣ್ಯನ್ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದಿ ಆಮೇಲೆ ಶಾಂತಿನಿಕೇತನದ ಕಲಾಭವನ ಸೇರಿದರು. ಚಿತ್ರಕಾರರಾಗಿಯೂ ಕಲೆಯ ಬಗ್ಗೆ ಬರೆಯುವವರಾಗಿಯೂ ಬೆಳೆದರು. ಬಿ.ವಿ. ಕಾರಂತರು ಕಾಶಿಯಲ್ಲಿ ಹಿಂದಿ ಎಂಎ ಮಾಡಿ, ನಂತರ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋದರು. ನಮ್ಮದೇ ಜಿಲ್ಲೆಯ ಘೋಡಗೇರಿಯ ಚಂದ್ರಶೇಖರ ಕಂಬಾರರು ಓದಿದ್ದು ಲಿಂಗರಾಜ ಕಾಲೇಜಿನಲ್ಲಿ, ಆಮೇಲೆ ಧಾರವಾಡದಲ್ಲಿ ಕನ್ನಡ ಎಂಎ. ನಾಟಕ ಶಾಲೆಗೆ ವಿದ್ಯಾರ್ಥಿಯಾಗಿ ಹೋಗದ ಅವರು ಮುಂದೆ ಅದೇ ರಾಷ್ಟ್ರೀಯ ನಾಟಕ ಶಾಲೆಯ ಅಧ್ಯಕ್ಷರಾದರು.

ಇನ್ನೊಂದು ದಿಕ್ಕಿನ ಉದಾಹರಣೆಯೂ ಬೆಳಗಾವಿಯದೇ. ಇಲ್ಲೇ ಹುಟ್ಟಿದ ರವಿ ಪರಾಂಜಪೆ ಇಲ್ಲಿನ ಕೆ.ಬಿ. ಕುಲಕರ್ಣಿಯವರ ಬಳಿ ಕೈ ಪಳಗಿಸಿಕೊಂಡು ಮುಂಬೈಯ ಜಾಹೀರಾತು ಲೋಕಕ್ಕೆ ಹೋದರು. ಚಿತ್ರಣಗಾರರಾಗಿ ದೇಶದಲ್ಲಿ ಹೆಸರಾದರು, ಮರಾಠಿಯಲ್ಲಿ ಕಲೆಯ ಬಗ್ಗೆ ಪುಸ್ತಕಗಳನ್ನೂ ಬರೆದರು. 2022ರಲ್ಲಿ ತೀರಿಕೊಂಡರು. ಮೊದಲು ಕೈ, ಆಮೇಲೆ ಓದು. ಕ್ರಮ ಬೇರೆ ಇರಬಹುದು, ಎರಡರಲ್ಲಿ ಒಂದನ್ನು ಅವರು ಬಿಡಲಿಲ್ಲ.

ಎರಡೂ ಒಂದೇ ಸೂರಿನಡಿ ಸಿಗುವ ಜಾಗಗಳೂ ಇವೆ. 1919ರ ಶಾಂತಿನಿಕೇತನದ ಕಲಾಭವನ ಕೇಂದ್ರೀಯ ವಿಶ್ವವಿದ್ಯಾಲಯದ ಭಾಗ. ಬರೋಡಾದ ಲಲಿತಕಲಾ ವಿಭಾಗ 1950ರಲ್ಲಿ ಎಂ.ಎಸ್. ವಿಶ್ವವಿದ್ಯಾಲಯದ ಒಳಗೇ ಹುಟ್ಟಿತು. ಅಲ್ಲಿ ಕಲಾ ಇತಿಹಾಸವನ್ನೂ ಚಿತ್ರದಷ್ಟೇ ಗಂಭೀರವಾಗಿ ಕಲಿಸುತ್ತ ಬಂದಿದ್ದಾರೆ. ಸಾರ್ವಜನಿಕ ವಿಶ್ವವಿದ್ಯಾಲಯಗಳಾದ್ದರಿಂದ ಖಾಸಗಿಯವರ ಶುಲ್ಕದ ಭಾರವಿಲ್ಲ. ಮನೆಯಿಂದ ದೂರ ಅನ್ನೋದು ನಿಜ. ಆದರೆ ಖಾಸಗಿ ಸೀಟಿಗೆ 12 ಲಕ್ಷ ಕಟ್ಟಲು ತಯಾರಿರುವ ಮನೆ ಇವೆರಡಕ್ಕೆ ಅರ್ಜಿಯನ್ನೇ ಹಾಕದಿರುವುದು ನನಗೆ ಸರಿ ಕಾಣುವುದಿಲ್ಲ.

ಯಾವ ಮಗುವಿಗೆ ಯಾವುದು

ಯಾರೂ ಹೇಳದೆ ದಿನಾ ಬಿಡಿಸುವ, ನೋಟ್‌ಬುಕ್ಕಿನ ಹಿಂದಿನ ಪುಟವೆಲ್ಲ ತುಂಬಿಸುವ ಮಗುವಿಗೆ ಬಿವಿಎ. ಮೊದಲು ಸರ್ಕಾರಿ, ಸಾರ್ವಜನಿಕ ಕಾಲೇಜುಗಳು, ಆಮೇಲೆ ಖಾಸಗಿ.

ಚಿತ್ರ ಇಷ್ಟ, ಆದರೆ ಓದು, ಬರಹ, ಚರ್ಚೆ ಅದಕ್ಕಿಂತ ಹೆಚ್ಚು ಇಷ್ಟ ಅನ್ನುವ ಮಗುವಿಗೆ ಲಿಬರಲ್ ಆರ್ಟ್ಸ್. ನೆರವು ಸಿಕ್ಕರೆ ದೊಡ್ಡ ವಿಶ್ವವಿದ್ಯಾಲಯ, ಸಿಗದಿದ್ದರೆ ಊರಿನ ಬಿಎ. ಖಾಸಗಿ ಕಡೆ ಎಲ್ಲ ಓದು ಇಂಗ್ಲಿಷಿನಲ್ಲಿ, ವಾರಕ್ಕೆ ನೂರಾರು ಪುಟ. ಕನ್ನಡ, ಮರಾಠಿ ಮಾಧ್ಯಮದ ಮಕ್ಕಳಿಗೆ ಭಾಷೆಯ ನೆರವು ಕೊಡುತ್ತಾರೆಯೇ ಎಂದು ಕೇಳಲು ನಾಚಬೇಡಿ.

ಏನು ಬೇಕೆಂದು ಇನ್ನೂ ತಿಳಿಯದ ಮಗುವಿಗೆ ಊರಿನ ಬಿಎ, ಜೊತೆಗೆ ಒಬ್ಬ ಗುರುವಿನ ಬಳಿ ವಾರಕ್ಕೆ ಎರಡು ದಿನ ಚಿತ್ರ. ಹದಿನೆಂಟಕ್ಕೆ ಗೊತ್ತಾಗದ್ದು ಇಪ್ಪತ್ತೊಂದಕ್ಕೆ ಗೊತ್ತಾಗುತ್ತದೆ. ಅಲ್ಲಿಯವರೆಗೆ ಸಾಲ ಇಲ್ಲದೆ ಇರುವುದೇ ದೊಡ್ಡ ಆಸ್ತಿ.

ನಾಲ್ಕು ವರ್ಷದಲ್ಲಿ ಮನೆಗೆ ಸಂಬಳ ತರಲೇಬೇಕಾದ ಮಗುವಿಗೆ ಅನ್ವಯಿಕ ಕಲೆಯ ಬಿವಿಎ ಅಥವಾ ಸಾರ್ವಜನಿಕ ಸಂಸ್ಥೆಯ ವಿನ್ಯಾಸ ಪದವಿ. ಪರೀಕ್ಷೆ ಒಂದು ಸಲ ತಪ್ಪಿದರೆ ಇನ್ನೊಂದು ವರ್ಷ ತಯಾರಿ ಮಾಡಿಸಿ. "ಒಂದು ವರ್ಷ ಹಾಳಾಗತೈತಿ" ಅನ್ನುವವರಿಗೆ ನಾನು ಹತ್ತು ವರ್ಷದ ಕಂತಿನ ಲೆಕ್ಕ ತೋರಿಸುತ್ತೇನೆ.

ಮುಂಗಡ ಕಟ್ಟುವ ಮೊದಲು

ಒಂದು, ಕ್ಯಾಂಪಸ್ಸಿಗೆ ಹೋಗಿ, ಕೆಲಸದ ದಿನವೇ ಹೋಗಿ. ಸ್ಟುಡಿಯೋದಲ್ಲಿ ಜನ ಇದ್ದಾರೆಯೇ, ಬೀಗ ಇದೆಯೇ ನೋಡಿ. ಎರಡು, ಕೊನೆಯ ವರ್ಷದವರ ಕೆಲಸ ತೋರಿಸಿ ಅನ್ನಿ, ಮಗು ಅದನ್ನು ನೋಡಿ ಏನನ್ನುತ್ತದೆ ಕೇಳಿ. ಮೂರು, ಬಿಟ್ಟುಹೋದರೆ ಎಷ್ಟು ಶುಲ್ಕ ವಾಪಸ್ ಕೊಡುತ್ತಾರೆ ಎಂಬುದನ್ನು ಲಿಖಿತವಾಗಿ ಪಡೆಯಿರಿ. ನಾಲ್ಕು, "ಇವತ್ತೇ ಕಟ್ಟಿದರೆ ರಿಯಾಯಿತಿ" ಅಂದವರಿಗೆ ನಾಳೆ ಬರುತ್ತೇವೆ ಅನ್ನಿ. ಒಳ್ಳೆಯ ಶಾಲೆ ಒಂದು ದಿನ ಕಾಯುತ್ತದೆ.

ಕೊನೆಯದಾಗಿ, ಮೂರೂ ಲೆಕ್ಕವನ್ನು ಮಗುವಿನ ಎದುರಿಗೇ ಕೂತು ಹಾಕಿ. ಅಪ್ಪನ ಹೊಲ ಎಷ್ಟು, ಸಾಲ ಎಷ್ಟು, ಕಂತು ಎಷ್ಟು ಅನ್ನೋದು ಹದಿನೆಂಟು ತುಂಬಿದವರಿಗೆ ತಿಳಿಯಬಾರದ ಗುಟ್ಟೇನಲ್ಲ. ಅವರೂ ಪೆನ್ನು ಹಿಡಿದು ಕೂಡಿಸಲಿ. ತನ್ನ ಓದಿನ ಬೆಲೆ ತಿಳಿದು ಸೇರಿದ ಮಗು ಆ 4,000 ಗಂಟೆಯಲ್ಲಿ ಒಂದನ್ನೂ ಸುಮ್ಮನೆ ಕಳೆಯುವುದಿಲ್ಲ.